ಸ್ಕಡರ್, ವೀಡಾ ಡಟನ್ (1861–1954)

ಅಮೆರಿಕದ ಇಂಗ್ಲಿಷ್ ಪ್ರಾಧ್ಯಾಪಕಿ, ಲೇಖಕಿ, ಕ್ರೈಸ್ತ ಸಮಾಜವಾದಿ. ಮ್ಯಾಸಚೂಸೆಟ್ಸ್ ರಾಜ್ಯದ ವೆಲ್ಸ್ಲಿ ಮಹಿಳಾ ಕಾಲೇಜಿನಲ್ಲಿ 1887ರಿಂದ ಸುಮಾರು ನಲವತ್ತು ವರ್ಷ ಸಾಹಿತ್ಯ ಪಾಠ ಹೇಳಿದರು. ಅದೇ ಅವಧಿಯಲ್ಲಿ ಬಾಸ್ಟನ್ನಿನ ವಲಸಿಗರ ಕೇರಿಯಲ್ಲಿ ಡೆನಿಸನ್ ಹೌಸ್ ಎಂಬ ಸೇವಾಕೇಂದ್ರವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಒಬ್ಬರು. ಅಧ್ಯಾಪನ ಒಂದು ಕಡೆ, ಸಮಾಜಸೇವೆ ಇನ್ನೊಂದು ಕಡೆ ಎಂದು ಇಂಥವರ ಬದುಕನ್ನು ಎರಡು ಖಾನೆಗೆ ಹಂಚಿ ಬರೆಯುವುದು ವಾಡಿಕೆ. ಸ್ಕಡರ್ ವಿಷಯದಲ್ಲಿ ಆ ಹಂಚಿಕೆ ನಡೆಯುವುದಿಲ್ಲ. ಕೇರಿಯಲ್ಲಿ ಕಂಡದ್ದನ್ನು ಅವರು ತರಗತಿಗೆ ತಂದರು, ತರಗತಿಯಲ್ಲಿ ಓದಿಸಿದ್ದನ್ನು ಕೇರಿಯಲ್ಲಿ ಒರೆಗೆ ಹಚ್ಚಿದರು; ಹಾಗೆ ಮಾಡಿದ್ದಕ್ಕೇ ಎರಡೂ ಕಡೆ ಬೈಸಿಕೊಂಡರು.

ಹುಟ್ಟಿದ್ದು 1861ರ ಡಿಸೆಂಬರ್ 15ರಂದು, ತಮಿಳುನಾಡಿನ ಮಧುರೆಯಲ್ಲಿ. ತಂದೆ ಡೇವಿಡ್ ಕಾಯಿಟ್ ಸ್ಕಡರ್ ಅಲ್ಲಿನ ಅಮೆರಿಕನ್ ಮಿಷನ್ನಿನ ಪಾದ್ರಿ. ಮಗುವಿಗೆ ವರ್ಷ ತುಂಬುವ ಮೊದಲೇ, 1862ರ ನವೆಂಬರ್‌ನಲ್ಲಿ, ತುಂಬಿ ಹರಿಯುತ್ತಿದ್ದ ಹೊಳೆ ದಾಟಲು ಹೋಗಿ ಅವರು ನೀರುಪಾಲಾದರು. ತಾಯಿ ಹ್ಯಾರಿಯೆಟ್ ಕೂಸನ್ನು ಕಟ್ಟಿಕೊಂಡು ಬಾಸ್ಟನ್ನಿನ ತವರಿಗೆ ಮರಳಿದರು. ಮಧುರೆಯ ನೆನಪು ವೀಡಾಗೆ ಉಳಿದಿರಲು ಸಾಧ್ಯವೇ ಇರಲಿಲ್ಲ, ಆದರೆ ಕಾಣದ ತಂದೆಯ ಕಥೆ ಮನೆಯಲ್ಲಿ ಪುಸ್ತಕರೂಪದಲ್ಲೇ ಇತ್ತು: ಚಿಕ್ಕಪ್ಪ ಹೊರೇಸ್ ಸ್ಕಡರ್ ಅಣ್ಣನ ಜೀವನ ಮತ್ತು ಪತ್ರಗಳ ಸಂಪುಟವನ್ನು 1864ರಲ್ಲಿ ಪ್ರಕಟಿಸಿದ್ದರು. ಈ ಹೊರೇಸ್ ಮುಂದೆ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯ ಸಂಪಾದಕರಾದವರು. ತಾಯಿಯ ಕಡೆಯಿಂದ ಡಟನ್ ಪ್ರಕಾಶನದ ಮನೆತನ. ಅಂದರೆ ಹುಡುಗಿ ಬೆಳೆದದ್ದು ಪುಸ್ತಕ, ಚರ್ಚು ಮತ್ತು ತಕ್ಕಮಟ್ಟಿನ ಹಣ ಮೂರೂ ಇದ್ದ ವಾತಾವರಣದಲ್ಲಿ. (ದಕ್ಷಿಣ ಭಾರತದಲ್ಲಿ ಸ್ಕಡರ್ ಎಂದೊಡನೆ ನೆನಪಾಗುವುದು ವೆಲ್ಲೂರಿನ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಡಾಕ್ಟರ್ ಐಡಾ ಸ್ಕಡರ್. ಹೆಸರೂ ಕಾಲವೂ ಹತ್ತಿರವಾದ್ದರಿಂದ ಗೊಂದಲ ಸಹಜ. ವೀಡಾ ಬೇರೆ, ಐಡಾ ಬೇರೆ.)

ಬಾಲ್ಯದ ಒಂದಷ್ಟು ವರ್ಷ ತಾಯಿಯೊಡನೆ ಯುರೋಪಿನಲ್ಲಿ ಕಳೆಯಿತು. ಇಟಲಿಯ ಮೇಲಿನ ಮೋಹ ಹತ್ತಿದ್ದು ಆಗಲೇ. ವೀಡಾ ಹದಿಹರೆಯದಲ್ಲಿದ್ದಾಗ ತಾಯಿ ಮಗಳಿಬ್ಬರೂ ಎಪಿಸ್ಕೋಪಲ್ ಚರ್ಚನ್ನು ಸೇರಿದರು. ಆಗಷ್ಟೇ ಬಾಗಿಲು ತೆರೆದಿದ್ದ ಬಾಸ್ಟನ್ನಿನ ಗರ್ಲ್ಸ್ ಲ್ಯಾಟಿನ್ ಸ್ಕೂಲಿನಿಂದ 1880ರಲ್ಲಿ ಮೊದಲ ತಂಡದಲ್ಲೇ ತೇರ್ಗಡೆಯಾಗಿ, 1884ರಲ್ಲಿ ಸ್ಮಿತ್ ಕಾಲೇಜಿನ ಪದವಿ ಪಡೆದರು.

ಪದವಿಯ ನಂತರ ಗೆಳತಿ ಕ್ಲಾರಾ ಫ್ರೆಂಚ್ ಜೊತೆ ಆಕ್ಸ್‌ಫರ್ಡ್‌ಗೆ ಹೋದರು. ಪದವಿಯ ಮೇಲಿನ ಓದಿಗೆ ಅಲ್ಲಿ ಪ್ರವೇಶ ದೊರೆತ ಮೊದಲ ಅಮೆರಿಕನ್ ಹೆಣ್ಣುಮಕ್ಕಳಲ್ಲಿ ಇವರಿಬ್ಬರೂ ಸೇರುತ್ತಾರೆ. ಆ ಹೊತ್ತಿಗೆ ಜಾನ್ ರಸ್ಕಿನ್ ಅಲ್ಲಿ ತಮ್ಮ ಕೊನೆಯ ಉಪನ್ಯಾಸಗಳನ್ನು ಮಾಡುತ್ತಿದ್ದರು. ಕಲೆಯ ಬಗ್ಗೆ ಮಾತಾಡಲು ನಿಂತ ಮುದುಕ, ಆ ಕಲೆಯನ್ನು ಸವಿಯುವವರ ಬಿಡುವಿಗೆ ಯಾರ ಮೈ ಸವೆಯುತ್ತಿದೆ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತಿದ್ದ ಕಾಲ ಅದು. ಇದೇ ರಸ್ಕಿನ್ನರ ‘ಅನ್‌ಟು ದಿಸ್ ಲಾಸ್ಟ್’ 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಗಾಂಧೀಜಿಯವರ ನಿದ್ದೆ ಕೆಡಿಸಿತೆಂಬುದು ನಮ್ಮವರಿಗೆ ಗೊತ್ತಿರುವ ಸಂಗತಿ. ಸ್ಕಡರ್‌ಗೆ ಆ ಪೆಟ್ಟು ಸುಮಾರು ಇಪ್ಪತ್ತು ವರ್ಷ ಮೊದಲೇ ಬಿದ್ದಿತ್ತು. ತಾವು ಅನುಭವಿಸುತ್ತಿರುವ ಸೊಗಸೆಲ್ಲ ಬೇರೆಯವರ ಬೆವರಿನ ಸಾಲ ಎಂಬ ಅರಿವು ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿತು. ಮುಂದೆ ಟಾಲ್‌ಸ್ಟಾಯ್ ಬರಹಗಳೂ ಇಂಗ್ಲೆಂಡಿನ ಫೇಬಿಯನ್ ಸಮಾಜವಾದಿಗಳ ಬರಹಗಳೂ ಅದಕ್ಕೆ ಮೊನೆ ಹಚ್ಚಿದವು.

1887ರಲ್ಲಿ ವೆಲ್ಸ್ಲಿ ಕಾಲೇಜು ಸೇರಿದರು. ಬಾಸ್ಟನ್ನಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಈ ಕಾಲೇಜು 1875ರಲ್ಲಿ ತೆರೆದದ್ದು. ಅಧ್ಯಕ್ಷರಿಂದ ಹಿಡಿದು ಪಾಠ ಹೇಳುವವರವರೆಗೆ ಹೆಣ್ಣುಮಕ್ಕಳೇ ಇರಬೇಕೆಂಬುದು ಆಗ ಅಲ್ಲಿನ ರೂಢಿಯಾಗಿತ್ತು. ಇಂಗ್ಲಿಷ್ ವಿಭಾಗದ ಮುಂದಾಳು ‘ಅಮೆರಿಕ ದ ಬ್ಯೂಟಿಫುಲ್’ ಗೀತೆಯ ಕವಿ ಕ್ಯಾಥರಿನ್ ಲೀ ಬೇಟ್ಸ್. ಅರ್ಥಶಾಸ್ತ್ರದಲ್ಲಿ ಕ್ಯಾಥರಿನ್ ಕೋಮನ್, ಆಮೇಲೆ ಬಂದ ಎಮಿಲಿ ಗ್ರೀನ್ ಬಾಲ್ಚ್. ಮದುವೆ, ಸಂಸಾರಗಳ ಹೊರಗೆ ಓದು ಮತ್ತು ಗೆಳೆತನದ ಮೇಲೆ ನಿಂತ ಇಂಥ ಹೆಣ್ಣುಮಕ್ಕಳ ಬಳಗ ಆ ಶತಮಾನದ ಕೊನೆಯಲ್ಲಿ ಜಗತ್ತಿನಲ್ಲಿ ಹೆಚ್ಚು ಕಡೆ ಇರಲಿಲ್ಲ. ಸ್ಕಡರ್ 1892ರಲ್ಲಿ ಸಹ ಪ್ರಾಧ್ಯಾಪಕಿಯೂ 1910ರಲ್ಲಿ ಪೂರ್ಣ ಪ್ರಾಧ್ಯಾಪಕಿಯೂ ಆದರು. ಎರಡು ಬಡ್ತಿಗಳ ನಡುವೆ ಹದಿನೆಂಟು ವರ್ಷ. ಆ ವರ್ಷಗಳಲ್ಲಿ ಅವರು ಮಾಡಿದ್ದನ್ನೆಲ್ಲ ನೋಡಿದರೆ ತಡವಾದದ್ದು ಆಶ್ಚರ್ಯವಲ್ಲ.

ಲಂಡನ್ನಿನ ಪೂರ್ವದ ಬಡಕೇರಿಯಲ್ಲಿ 1884ರಲ್ಲಿ ಟಾಯ್ನ್‌ಬೀ ಹಾಲ್ ತೆರೆದಿತ್ತು. ವಿಶ್ವವಿದ್ಯಾಲಯದಲ್ಲಿ ಓದಿದವರು ಬಡವರ ನಡುವೆಯೇ ಮನೆ ಮಾಡಿ, ದಾನ ಕೊಟ್ಟು ಹೋಗುವ ಬದಲು ನೆರೆಹೊರೆಯವರಾಗಿ ಇರಬೇಕು ಎಂಬುದು ಅದರ ತತ್ವ. ಇಂಥದ್ದಕ್ಕೆ ಸೆಟ್ಲ್‌ಮೆಂಟ್ ಎಂದು ಹೆಸರಾಯಿತು. ಸ್ಮಿತ್ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರ ಗುಂಪಿನಲ್ಲಿ ಸ್ಕಡರ್ ಈ ವಿಚಾರವನ್ನು 1887ರಲ್ಲಿ ಎತ್ತಿದರು. ಗೆಳತಿ ಕ್ಲಾರಾ ಫ್ರೆಂಚ್ ಮರುವರ್ಷವೇ ತೀರಿಕೊಂಡರು. ಆ ಸಾವಿನಿಂದ ಸ್ಕಡರ್ ಬಹುಕಾಲ ಚೇತರಿಸಿಕೊಳ್ಳಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ. 1889ರಲ್ಲಿ ನ್ಯೂಯಾರ್ಕಿನ ರಿವಿಂಗ್ಟನ್ ಬೀದಿಯಲ್ಲಿ ಮೊದಲ ಮನೆ ತೆರೆಯಿತು. ಅದೇ ದಿನಗಳಲ್ಲಿ ಶಿಕಾಗೋದಲ್ಲಿ ಜೇನ್ ಆಡಮ್ಸ್ ಹಲ್ ಹೌಸ್ ಆರಂಭಿಸಿದರು. ಚರಿತ್ರೆಯಲ್ಲಿ ದೊಡ್ಡ ಹೆಸರಾದದ್ದು ಹಲ್ ಹೌಸ್. ಆದರೆ ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಹಲ್ ಹೌಸ್ ಒಬ್ಬ ಅಸಾಧಾರಣ ವ್ಯಕ್ತಿಯ ಸುತ್ತ ಬೆಳೆದರೆ, ಸ್ಕಡರ್ ಮತ್ತು ಗೆಳತಿಯರದು ಕಾಲೇಜುಗಳ ಒಕ್ಕೂಟ. 1890ರಲ್ಲಿ ರೂಪುಗೊಂಡ ಕಾಲೇಜ್ ಸೆಟ್ಲ್‌ಮೆಂಟ್ಸ್ ಅಸೋಸಿಯೇಶನ್ನಿಗೆ ಸ್ಮಿತ್, ವೆಲ್ಸ್ಲಿ, ವ್ಯಾಸರ್, ಬ್ರಿನ್ ಮಾರ್ ಕಾಲೇಜುಗಳ ಹುಡುಗಿಯರು ವಂತಿಗೆ ಕೂಡಿಸಿದರು. ಮನೆಗಳಲ್ಲಿ ಇರಲು ಬರುವವರು ಸಂಬಳ ಪಡೆಯುವ ಮಾತಿರಲಿ, ಊಟ ವಸತಿಯ ಖರ್ಚನ್ನು ತಾವೇ ಭರಿಸುತ್ತಿದ್ದರು. ಓದು ಮುಗಿಸಿದ ಹೆಣ್ಣುಮಕ್ಕಳಿಗೆ ಶಾಲಾ ಮಾಸ್ತರಿಕೆ ಅಥವಾ ಮದುವೆ ಬಿಟ್ಟರೆ ದಾರಿಯೇ ಇಲ್ಲದ ಕಾಲದಲ್ಲಿ ಇದೊಂದು ಮೂರನೆಯ ದಾರಿಯಾಯಿತು.

ಬಾಸ್ಟನ್ನಿನ ಮನೆ ತೆರೆದದ್ದು 1892ರ ಕೊನೆಯಲ್ಲಿ, ಸೌತ್ ಎಂಡ್ ಬಡಾವಣೆಯ ಟೈಲರ್ ಬೀದಿಯ 93ನೇ ನಂಬರಿನಲ್ಲಿ. ಲಂಡನ್ನಿನ ಬಡಕೇರಿಗೆ ಮೊಟ್ಟಮೊದಲು ಹೋಗಿ ನೆಲೆಸಿದವರಲ್ಲೊಬ್ಬರಾದ ಎಡ್ವರ್ಡ್ ಡೆನಿಸನ್ ಹೆಸರನ್ನು ಅದಕ್ಕೆ ಇಟ್ಟರು. ಆರಂಭದ ಕೆಲವು ತಿಂಗಳು ಬಾಲ್ಚ್ ನೋಡಿಕೊಂಡರು. ಆಮೇಲೆ ಹೆಲೆನಾ ಡಡ್ಲಿ ಸುಮಾರು ಇಪ್ಪತ್ತು ವರ್ಷ ಅದರ ಮುಖ್ಯಸ್ಥೆ. ಸ್ಕಡರ್ ಕಾಲೇಜಿನಿಂದ ಒಂದು ವರ್ಷ ರಜೆ ಹಾಕಿ 1893–94ರಲ್ಲಿ ಅಲ್ಲೇ ಇದ್ದುಬಿಟ್ಟರು; ರಜೆ ಮುಗಿದ ಮೇಲೂ ಸುಮಾರು ಇಪ್ಪತ್ತು ವರ್ಷ ಆ ಮನೆಯ ಆಡಳಿತದ ಭಾರ ಹೊತ್ತರು.

ಅವರು ಅಲ್ಲಿದ್ದ ವರ್ಷವೇ ಅಮೆರಿಕದ ಬ್ಯಾಂಕುಗಳು ಕುಸಿದು, ಗಿರಣಿಗಳು ಮುಚ್ಚಿ, ಬೀದಿ ತುಂಬ ಕೆಲಸ ಕಳೆದುಕೊಂಡವರು. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕಿಗೆ ಅರ್ಥಶಾಸ್ತ್ರದ ಮೊದಲ ಪಾಠವಾದದ್ದು ಆ ಚಳಿಗಾಲ. ನಿರುದ್ಯೋಗಿ ಹೆಂಗಸರಿಗಾಗಿ ಹೊಲಿಗೆ ಕೋಣೆ ತೆರೆದು ಅಷ್ಟಿಷ್ಟು ಕೂಲಿ ಕೊಡುವ ವ್ಯವಸ್ಥೆ ಮಾಡಿದರು. ಅದು ಬಾಣಲೆಗೆ ಬಿದ್ದ ನೀರಹನಿಯಂತೆ ಎಂಬುದು ಬೇಗನೆ ತಿಳಿಯಿತು. ದಾನದಿಂದ ಕೂಲಿಯ ಪ್ರಶ್ನೆ ಬಗೆಹರಿಯದು, ಕೂಲಿಕಾರರ ಸಂಘಗಳೇ ಅದನ್ನು ಬಗೆಹರಿಸಬೇಕು ಎಂಬ ನಿಲುವಿಗೆ ಡಡ್ಲಿ ಮತ್ತು ಸ್ಕಡರ್ ಬಂದದ್ದು ಇಲ್ಲಿಂದ. ಕಾರ್ಮಿಕ ನಾಯಕಿ ಮೇರಿ ಕೆನಿ ಒ’ಸಲಿವನ್ ಮತ್ತು ಪತ್ರಕರ್ತ ಪತಿ ಜಾನ್ ಒ’ಸಲಿವನ್ ಅವರ ಒಡನಾಟದಲ್ಲಿ, ದುಡಿಯುವ ಹೆಂಗಸರೂ ಓದಿದ ಹೆಂಗಸರೂ ಒಂದೇ ಪಟ್ಟಿಯಲ್ಲಿ ಸೇರಿದ ಸಂಘವೊಂದು ಡೆನಿಸನ್ ಹೌಸ್‌ನಲ್ಲಿ ಹುಟ್ಟಿತು. ಬಾಸ್ಟನ್ನಿನ ಕೇಂದ್ರ ಕಾರ್ಮಿಕ ಸಂಘದ ಸಭೆಗಳಿಗೆ ಸ್ಕಡರ್ ಪ್ರತಿನಿಧಿಯಾಗಿ ಹೋಗಿ ಕುಳಿತರು. ಹೊಗೆಸೊಪ್ಪಿನ ವಾಸನೆ ತುಂಬಿದ ಆ ಗಂಡಸರ ಸಭೆಯಲ್ಲಿ ಶೆಲ್ಲಿಯ ‘ಪ್ರಮೀಥಿಯಸ್ ಅನ್‌ಬೌಂಡ್’ ಸಂಪಾದಿಸಿದ ಪ್ರಾಧ್ಯಾಪಕಿ! 1903ರಲ್ಲಿ ಬಾಸ್ಟನ್ನಿನಲ್ಲೇ ವಿಮೆನ್ಸ್ ಟ್ರೇಡ್ ಯೂನಿಯನ್ ಲೀಗ್ ಸ್ಥಾಪನೆಯಾದಾಗ ಅದರ ಸಂಘಟನೆಗೂ ನೆರವಾದರು.

ಕೇರಿಯಲ್ಲಿ ಮೊದಲು ಐರಿಷರು ಹೆಚ್ಚು. ಆಮೇಲೆ ಇಟಲಿಯವರು, ಸಿರಿಯನ್ನರು, ಗ್ರೀಕರು ಬಂದರು. (ಇವತ್ತು ಟೈಲರ್ ಬೀದಿ ಬಾಸ್ಟನ್ನಿನ ಚೈನಾಟೌನ್‌ಗೆ ಸೇರಿದೆ.) ಡೆನಿಸನ್ ಹೌಸ್‌ನಲ್ಲಿ ಇಂಗ್ಲಿಷ್ ಕಲಿಸುವ ತರಗತಿ, ವಾಚನಾಲಯ, ಅಡುಗೆ ಮತ್ತು ಶುಶ್ರೂಷೆಯ ಪಾಠ, ಮಕ್ಕಳ ಕೂಟಗಳು ಎಲ್ಲ ಇದ್ದವು. ಇದು ಬೇರೆ ಸೆಟ್ಲ್‌ಮೆಂಟುಗಳಲ್ಲೂ ಇದ್ದದ್ದೇ. ಸ್ಕಡರ್ ತಾವೇ ಮುಂದೆ ನಿಂತು ಮಾಡಿದ ಕೆಲಸ ಇಟಲಿಯವರ ನಡುವಿನದು. ಇಟಾಲಿಯನ್ ಭಾಷೆ ಅವರಿಗೆ ಸರಾಗ. ದಾಂತೆಯ ನಾಡಿನಿಂದ ಬಂದವರನ್ನು ಬಾಸ್ಟನ್ನಿನ ಜನ ಮೂಟೆ ಹೊರುವವರೆಂದಷ್ಟೇ ಕಾಣುತ್ತಿದ್ದರೆ, ಸ್ಕಡರ್ ‘ಚಿರ್ಕೊಲೊ ಇಟಾಲೊ-ಅಮೆರಿಕಾನೊ’ ಎಂಬ ಕೂಟ ಕಟ್ಟಿ ಉಪನ್ಯಾಸ, ಸಂಗೀತ, ಚರ್ಚೆಗಳಿಗೆ ಅವರ ಭಾಷೆಯಲ್ಲೇ ಅವಕಾಶ ಮಾಡಿದರು. ವಲಸಿಗರನ್ನು ಅಮೆರಿಕನ್ನರನ್ನಾಗಿ ಮಾಡಿಬಿಡುವ ಅವಸರ ಎಲ್ಲೆಡೆ ಇದ್ದಾಗ ಅವರಿಂದ ಅಮೆರಿಕನ್ನರೂ ಕಲಿಯುವುದಿದೆ ಎಂದುಕೊಂಡದ್ದು ಈ ಕೂಟದ ವಿಶೇಷ. ಇಡೀ ಸೇವೆಯಲ್ಲಿ ಇದೇ ಅವರ ಸ್ವಭಾವಕ್ಕೆ ಅತಿ ಹೊಂದಿದ ಕೆಲಸವೆಂದು ತೋರುತ್ತದೆ.

ಡೆನಿಸನ್ ಹೌಸ್ ಬಾಗಿಲಲ್ಲಿ ಹಾದುಹೋದವರಲ್ಲಿ ಕನ್ನಡಿಗರಿಗೆ ಪರಿಚಿತರಾದ ಒಬ್ಬರಿದ್ದಾರೆ. 1895ರಲ್ಲಿ ಲೆಬನಾನಿನಿಂದ ತಾಯಿಯೊಡನೆ ಬಂದು ಆ ಕೇರಿಯಲ್ಲೇ ಬಿಡಾರ ಹೂಡಿದ್ದ ಹುಡುಗ ಖಲೀಲ್ ಗಿಬ್ರಾನ್ ಅಲ್ಲಿನ ಚಿತ್ರಕಲಾ ತರಗತಿಗೆ ಬರುತ್ತಿದ್ದ. ಅವನ ಕೈಚಳಕ ಕಂಡ ಅಲ್ಲಿನವರ ಮೂಲಕ ಛಾಯಾಗ್ರಾಹಕ ಫ್ರೆಡ್ ಹಾಲಂಡ್ ಡೇ ಪರಿಚಯವಾಗಿ ಅವನ ದಾರಿ ತೆರೆಯಿತು. ವಿಮಾನ ಹಾರಿಸಿ ಹೆಸರಾದ ಅಮೇಲಿಯಾ ಇಯರ್‌ಹಾರ್ಟ್ ಕೂಡ 1926ರಿಂದ ಕೆಲಕಾಲ ಇಲ್ಲಿನ ಕಾರ್ಯಕರ್ತೆ. ಇವೆರಡೂ ಆ ಮನೆಯ ಪುಣ್ಯ. ಸ್ಕಡರ್ ಅವರ ಲೆಕ್ಕಕ್ಕೆ ಬರೆಯಬೇಕಾಗಿಲ್ಲ.

ಕೇರಿಯ ಈ ಅನುಭವ ವೆಲ್ಸ್ಲಿಯ ತರಗತಿಗೆ ಬಂದದ್ದು ‘ಇಂಗ್ಲಿಷ್ ಸಾಹಿತ್ಯದಲ್ಲಿ ಸಾಮಾಜಿಕ ಆದರ್ಶಗಳು’ ಎಂಬ ಪಠ್ಯವಾಗಿ. ಅದರ ಪುಸ್ತಕರೂಪ 1898ರಲ್ಲಿ ಪ್ರಕಟವಾಯಿತು. ಹದಿನಾಲ್ಕನೆಯ ಶತಮಾನದ ಲ್ಯಾಂಗ್ಲಂಡ್ ಬರೆದ ‘ಪಿಯರ್ಸ್ ಪ್ಲೌಮನ್’ ಕಾವ್ಯದ ಒಕ್ಕಲಿಗನಿಂದ ಆರಂಭಿಸಿ, ಥಾಮಸ್ ಮೋರ್‌ನ ‘ಯುಟೋಪಿಯಾ’, ಸ್ವಿಫ್ಟ್‌ನ ಕಟಕಿ ಹಾದು, ಡಿಕನ್ಸ್, ಜಾರ್ಜ್ ಎಲಿಯಟ್, ಕಾರ್ಲೈಲ್, ರಸ್ಕಿನ್, ಆರ್ನಲ್ಡ್ ಅವರವರೆಗೆ ಒಂದೇ ಪ್ರಶ್ನೆಯನ್ನು ಹಿಡಿದು ಓದಿಸುವ ಕ್ರಮ ಅದು: ಈ ಲೇಖಕ ತನ್ನ ಕಾಲದ ಬಡವನನ್ನು ಹೇಗೆ ನೋಡಿದ, ಒಳ್ಳೆಯ ಸಮಾಜವೆಂದರೆ ಏನೆಂದುಕೊಂಡ? ಇಂದು ಯಾವ ವಿಶ್ವವಿದ್ಯಾಲಯದಲ್ಲೂ ಇಂಥ ಓದು ಹೊಸದೆನಿಸುವುದಿಲ್ಲ. ಆಗಿನ ಸಾಹಿತ್ಯದ ಪಾಠವೆಂದರೆ ಭಾಷೆಯ ಚರಿತ್ರೆ, ಛಂದಸ್ಸು, ಅಭಿರುಚಿ ಎಂದಿದ್ದಾಗ ಇದು ವಿಭಾಗದ ಒಳಗೇ ಅನೇಕರಿಗೆ ಇರುಸುಮುರುಸು ತಂದಿತು. ಪುಸ್ತಕದಲ್ಲಿ ಉಪದೇಶದ ಧಾಟಿ ಇದೆ, ಕಾವ್ಯವನ್ನು ಕಾವ್ಯವಾಗಿ ನೋಡುವ ತಾಳ್ಮೆ ಕೆಲವೆಡೆ ತಪ್ಪುತ್ತದೆ ಎಂಬುದೂ ನಿಜ. ಆದರೂ ಲ್ಯಾಂಗ್ಲಂಡನನ್ನು ಕುರಿತ ಭಾಗ ಈಗಲೂ ಓದಿಸಿಕೊಳ್ಳುತ್ತದೆ.

1900ರಲ್ಲಿ ಹಣ ಮತ್ತು ನ್ಯಾಯದ ಪ್ರಶ್ನೆ ಕಾಲೇಜಿನ ಬಾಗಿಲಿಗೇ ಬಂತು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಒಡೆಯ ರಾಕ್‌ಫೆಲರ್ ಕಾಲೇಜಿಗೆ ದೊಡ್ಡ ದೇಣಿಗೆ ಕೊಡಲು ಮುಂದಾದರು. ಎದುರಾಳಿ ವ್ಯಾಪಾರಿಗಳನ್ನು ನೆಲಕಚ್ಚಿಸಿ ಗಳಿಸಿದ ಹಣವನ್ನು ವಿದ್ಯಾಸಂಸ್ಥೆ ಮುಟ್ಟಬಾರದೆಂದು ಸ್ಕಡರ್ ಮತ್ತು ಕೆಲವು ಸಹೋದ್ಯೋಗಿಗಳು ಪ್ರತಿಭಟಿಸಿದರು. ಆಡಳಿತ ಮಂಡಳಿ ಹಣ ತೆಗೆದುಕೊಂಡಿತು. ಸ್ಕಡರ್ ಕೆಲಸ ಬಿಡಲಿಲ್ಲ. ಬಿಡಬೇಕಿತ್ತೇ ಎಂಬ ಪ್ರಶ್ನೆ ಅವರನ್ನು ಕಾಡದೆ ಇರಲಿಲ್ಲ. ತನ್ನ ಸಂಬಳದ ಮೂಲ ಯಾವುದು ಎಂದು ಕೇಳಿಕೊಳ್ಳುವ ಅಧ್ಯಾಪಕರು ಯಾವ ಕಾಲದಲ್ಲೂ ಕಡಿಮೆ. ಐದು ವರ್ಷಗಳ ನಂತರ, 1905ರಲ್ಲಿ, ಇದೇ ರಾಕ್‌ಫೆಲರ್ ಹಣ ಅಮೆರಿಕದ ವಿದೇಶೀ ಮಿಷನ್ ಮಂಡಳಿಗೆ ಬಂದಾಗ ದೇಶದಾದ್ಯಂತ ಗುಲ್ಲೆದ್ದು ‘ಕಳಂಕಿತ ಹಣ’ ಎಂಬ ಮಾತು ಜನರ ಬಾಯಿಗೆ ಬಂತು. ಸ್ಕಡರ್ ಅವರ ತಂದೆಯನ್ನು ಮಧುರೆಗೆ ಕಳಿಸಿದ್ದು ಅದೇ ಮಂಡಳಿ.

ಕಾಲೇಜು, ಕೇರಿ, ಚರ್ಚು, ಸಂಘ ಎಲ್ಲವನ್ನೂ ಒಟ್ಟಿಗೆ ಹೊತ್ತದ್ದರ ಪರಿಣಾಮವಾಗಿ 1901ರಲ್ಲಿ ಮೈಯೂ ಮನಸ್ಸೂ ಸೋತವು. ವಿಶ್ರಾಂತಿಗೆಂದು ಹೋದದ್ದು ಇಟಲಿಗೆ. ಅಲ್ಲಿ ಅಸಿಸಿಯ ಫ್ರಾನ್ಸಿಸ್ ಮತ್ತು ಸಿಯೆನಾದ ಕ್ಯಾಥರಿನ್ ಅವರನ್ನು ಆಳವಾಗಿ ಓದತೊಡಗಿದರು. ಕ್ಯಾಥರಿನ್ ಪತ್ರಗಳ ಅನುವಾದ 1905ರಲ್ಲಿ ಪ್ರಕಟವಾಯಿತು. ಬಡತನವನ್ನು ತಾನಾಗಿ ವರಿಸಿದ ಫ್ರಾನ್ಸಿಸ್, ರಾಜಕೀಯದ ಕೆಸರಿಗೆ ಹೆದರದೆ ಪೋಪನಿಗೇ ಬುದ್ಧಿ ಹೇಳಿದ ಕ್ಯಾಥರಿನ್ ಇಬ್ಬರೂ ಅವರಿಗೆ ಕೊನೆಯವರೆಗೆ ಒತ್ತಾಸೆಯಾಗಿ ನಿಂತರು. ಇದೇ ಕಾಲದ ‘ಎ ಲಿಸನರ್ ಇನ್ ಬೇಬಲ್’ (1903) ಎಂಬ ಕಾದಂಬರಿ ಕಲಾಕೃತಿಯಾಗಿ ಸಪ್ಪೆ. ಪಾತ್ರಗಳು ಎದ್ದು ಓಡಾಡುವುದಕ್ಕಿಂತ ಕುಳಿತು ವಾದ ಮಾಡುವುದೇ ಹೆಚ್ಚು. ದಾಖಲೆಯಾಗಿ ಮಾತ್ರ ಅದು ಬೆಲೆಯುಳ್ಳದ್ದು. ಸೆಟ್ಲ್‌ಮೆಂಟಿನಲ್ಲಿ ಇದ್ದು ಅದರ ಮಿತಿಯನ್ನು ಕಂಡ ಹೆಣ್ಣೊಬ್ಬಳು ಅಲ್ಲಿಂದ ಹೊರಟು ದುಡಿಮೆಗಾರರ ನಡುವೆ ಸೇರಲು ತೀರ್ಮಾನಿಸುವುದು ಅದರ ಕಥೆ. ಓದಿದವರ ಮನೆ ಎಷ್ಟೇ ಬಾಗಿಲು ತೆರೆದಿಟ್ಟರೂ ಕೇರಿಯವರಿಗೆ ಅದು ದೊಡ್ಡವರ ಮನೆಯಾಗಿಯೇ ಉಳಿಯುತ್ತದೆ ಎಂಬ ಟೀಕೆಯನ್ನು ಹೊರಗಿನವರು ಮಾಡುವ ಮೊದಲೇ ಸ್ಕಡರ್ ಬರೆದಾಗಿತ್ತು.

ಅವರ ಜೀವನದ ಅತಿ ದೊಡ್ಡ ವಿವಾದ ಲಾರೆನ್ಸ್ ಊರಿನದು. ಬಾಸ್ಟನ್ನಿನ ಉತ್ತರಕ್ಕಿರುವ ಈ ಊರು ಆಗ ಉಣ್ಣೆ, ಹತ್ತಿ ಗಿರಣಿಗಳ ಕೇಂದ್ರವಾಗಿತ್ತು. ಹೆಂಗಸರ ಮತ್ತು ಮಕ್ಕಳ ದುಡಿಮೆಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸಿದ ಕಾನೂನು 1912ರ ಜನವರಿಯಲ್ಲಿ ಜಾರಿಗೆ ಬಂತು. ಮಾಲೀಕರು ಗಂಟೆಯ ಜೊತೆಗೆ ಕೂಲಿಯನ್ನೂ ಕತ್ತರಿಸಿದರು. ಕಡಿತವಾದದ್ದು ವಾರಕ್ಕೆ ಸುಮಾರು 32 ಸೆಂಟು. ಕೆಲವು ರೊಟ್ಟಿಗಳ ಬೆಲೆ. ಅರೆಹೊಟ್ಟೆಯ ಸಂಸಾರಕ್ಕೆ ಆ ರೊಟ್ಟಿಗಳೇ ಪ್ರಶ್ನೆ. ಸಂಬಳದ ಲಕೋಟೆ ಬಿಚ್ಚಿ ಎಣಿಸಿದ ಪೋಲಿಷ್ ಹೆಂಗಸರು ಮಗ್ಗ ನಿಲ್ಲಿಸಿ ಹೊರಬಂದರು. ದಿನಗಳಲ್ಲಿ ಹತ್ತಾರು ಭಾಷೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮುಷ್ಕರದಲ್ಲಿದ್ದರು. ಹಸಿವಿನಿಂದ ಪಾರುಮಾಡಲು ಮಕ್ಕಳನ್ನು ಬೇರೆ ಊರಿನ ಹಿತೈಷಿಗಳ ಮನೆಗೆ ಕಳಿಸುತ್ತಿದ್ದಾಗ, ಫೆಬ್ರವರಿ 24ರಂದು ರೈಲುನಿಲ್ದಾಣದಲ್ಲಿ ಪೊಲೀಸರು ತಾಯಂದಿರ ಮೇಲೂ ಮಕ್ಕಳ ಮೇಲೂ ಕೈಮಾಡಿದರು.

ಮಾರ್ಚ್ 4ರಂದು ಲಾರೆನ್ಸ್‌ನಲ್ಲಿ ಸೇರಿದ ಮಹಿಳೆಯರ ಸಭೆಯಲ್ಲಿ ಸ್ಕಡರ್ ಮಾತಾಡಿದರು. ಹಿಂಸೆಯನ್ನು ಅವರು ಬೆಂಬಲಿಸಲಿಲ್ಲ. ಇಂಥ ಸಂಕಟದಲ್ಲಿ ನೇಯ್ದ ಬಟ್ಟೆಯೆಂದು ತಿಳಿದ ಮೇಲೆ ತಾವು ಉಣ್ಣೆಯ ಒಂದೆಳೆಯನ್ನೂ ಉಡದೆ ಇರಲು ಸಿದ್ಧ ಎಂಬರ್ಥದ ಮಾತಾಡಿದರು. ಚಳಿನಾಡಿನ ಸಭಿಕರಿಗೆ ಅದರ ತೂಕ ಗೊತ್ತಾಗದಿರುತ್ತದೆಯೇ? ಬಾಸ್ಟನ್ನಿನ ಪತ್ರಿಕೆಯೊಂದು ಹರಿಹಾಯ್ದಿತು, ಇಂಥವರು ಹೆಣ್ಣುಮಕ್ಕಳಿಗೆ ಪಾಠ ಹೇಳಲು ಯೋಗ್ಯರೇ ಎಂಬ ಕೂಗೆದ್ದಿತು. ಕಾಲೇಜು ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಬದಲಿಗೆ ‘ಸಾಮಾಜಿಕ ಆದರ್ಶಗಳು’ ಪಠ್ಯವನ್ನು ಸದ್ಯಕ್ಕೆ ನಿಲ್ಲಿಸಲು ಕೇಳಿತು. ಅವರು ಒಪ್ಪಿದರು. ಕೂಲಿಕಾರರ ಪರವಾಗಿ ಆಡಿದ ಮಾತಿಗೆ ದಂಡ ತೆತ್ತದ್ದು ಸಾಹಿತ್ಯದ ತರಗತಿ ಎಂಬುದರಲ್ಲೇ, ಆ ಎರಡರ ನಂಟು ಎಷ್ಟು ಗಟ್ಟಿಯಾಗಿತ್ತೆಂಬುದು ಆಡಳಿತಕ್ಕೂ ತಿಳಿದಿತ್ತೆಂದು ಕಾಣುತ್ತದೆ. ಮುಷ್ಕರ ಮಾರ್ಚ್ ನಡುವಿನಲ್ಲಿ ಕೂಲಿ ಹೆಚ್ಚಳದೊಂದಿಗೆ ಗೆದ್ದಿತು. ಆ ವರ್ಷವೇ ಡಡ್ಲಿ ಡೆನಿಸನ್ ಹೌಸ್ ಬಿಟ್ಟರು. ಸ್ಕಡರ್ ಕೂಡ ತಾಯಿಯೊಡನೆ ವೆಲ್ಸ್ಲಿಗೆ ಮನೆ ಬದಲಿಸಿ ಕೇರಿಯ ಕೆಲಸದಿಂದ ಕ್ರಮೇಣ ಹಿಂದೆ ಸರಿದರು.

ಇದರ ಅರ್ಥ ಅವರು ಮೆತ್ತಗಾದರೆಂದಲ್ಲ. 1911ರಲ್ಲಿ ಎಪಿಸ್ಕೋಪಲ್ ಚರ್ಚ್ ಸೋಶಿಯಲಿಸ್ಟ್ ಲೀಗ್ ಸ್ಥಾಪಿಸಿದವರಲ್ಲಿ ಒಬ್ಬರಾಗಿದ್ದರು. ಸಮಾಜವಾದಿ ಪಕ್ಷವನ್ನೂ ಸೇರಿದರು. ಮಾರ್ಕ್ಸ್‌ವಾದ ಮತ್ತು ಕ್ರೈಸ್ತ ಶ್ರದ್ಧೆಯನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಲು ಹೊರಟ ‘ಸೋಶಿಯಲಿಸಂ ಅಂಡ್ ಕ್ಯಾರೆಕ್ಟರ್’ ಬಂದದ್ದು 1912ರಲ್ಲಿ. ಸಮಾಜವಾದಿಗಳಿಗೆ ಅದರಲ್ಲಿ ದೇವರು ಹೆಚ್ಚಾದ, ಚರ್ಚಿನವರಿಗೆ ಮಾರ್ಕ್ಸ್ ಹೆಚ್ಚಾದ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸೇರಿದ್ದನ್ನು ಸ್ಕಡರ್ ಬೆಂಬಲಿಸಿದರು. ವಿರೋಧಿಸಿದ ಗೆಳತಿ ಬಾಲ್ಚ್ ವೆಲ್ಸ್ಲಿಯ ಕೆಲಸ ಕಳೆದುಕೊಂಡರು. ಬಾಲ್ಚ್‌ಗೆ 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸ್ಕಡರ್ 1923ರಲ್ಲಿ ಫೆಲೋಶಿಪ್ ಆಫ್ ರಿಕನ್ಸಿಲಿಯೇಶನ್ ಎಂಬ ಶಾಂತಿವಾದಿ ಸಂಘಟನೆ ಸೇರಿ, ಮುಂದಿನ ದಶಕದ ಹೊತ್ತಿಗೆ ಪೂರ್ಣ ಯುದ್ಧವಿರೋಧಿಯಾದರು.

ಪಾಂಡಿತ್ಯದ ಕೃತಿಗಳಲ್ಲಿ ಮ್ಯಾಲರಿಯ ಆರ್ಥರ್ ಕಥೆಗಳನ್ನೂ ಅವುಗಳ ಆಕರಗಳನ್ನೂ ಕುರಿತ ಅಧ್ಯಯನ (1917) ಮತ್ತು ಫ್ರಾನ್ಸಿಸ್‌ನ ಅನುಯಾಯಿಗಳ ಮೊದಲ ಶತಮಾನದ ಏಳುಬೀಳುಗಳನ್ನು ಬರೆದ ‘ದ ಫ್ರಾನ್ಸಿಸ್ಕನ್ ಅಡ್ವೆಂಚರ್’ (1931) ಮುಖ್ಯವಾದವು. ಎರಡನೆಯದು ನಿವೃತ್ತಿಯ ಬಿಡುವಿನ ಫಲ. ಬಡತನದ ವ್ರತ ತೊಟ್ಟ ಸಂಘವೊಂದು ಆಸ್ತಿ ಕೂಡಿಬಂದಾಗ ಏನು ಮಾಡಿತು ಎಂಬ ವಿಷಯ ರಾಕ್‌ಫೆಲರ್ ಹಣದ ಜಗಳ ಆಡಿದವರಿಗೆ ಹಿಡಿಸಿದ್ದು ಸಹಜ. ಆತ್ಮಕಥೆ ‘ಆನ್ ಜರ್ನಿ’ 1937ರಲ್ಲಿ ಬಂತು. ತಮ್ಮ ಕಾಲದ ಚಳವಳಿಗಳನ್ನು ಒಳಗಿನಿಂದ ಹೇಳುವ ಈ ಗ್ರಂಥವೇ ಅವರ ಪುಸ್ತಕಗಳಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಸ್ವಂತ ಸಂಗತಿಗಳಲ್ಲಿ ಸಂಕೋಚ, ವಿಚಾರಗಳಲ್ಲಿ ಧಾರಾಳ.

ಹಿಂದಿನ ವಿದ್ಯಾರ್ಥಿನಿ, ಕಾದಂಬರಿಕಾರ್ತಿ ಫ್ಲಾರೆನ್ಸ್ ಕನ್ವರ್ಸ್ 1919ರಿಂದ ಅವರೊಡನೆ ಒಂದೇ ಮನೆಯಲ್ಲಿ ಬಾಳಿದರು. ಹೆಲೆನಾ ಡಡ್ಲಿಯೂ ಕೊನೆಯ ವರ್ಷಗಳಲ್ಲಿ ಅಲ್ಲಿಗೇ ಬಂದರು. 1952ರಲ್ಲಿ, ತೊಂಬತ್ತರ ಮೇಲೆ, ಸ್ಕಡರ್ ಇನ್ನೊಂದು ಆತ್ಮಕಥನ ಪ್ರಕಟಿಸಿದರು. 1954ರ ಅಕ್ಟೋಬರ್ 9ರಂದು ವೆಲ್ಸ್ಲಿಯಲ್ಲಿ ತೀರಿಕೊಂಡರು. ಎಪಿಸ್ಕೋಪಲ್ ಚರ್ಚ್ ತನ್ನ ಪಂಚಾಂಗದಲ್ಲಿ ಅಕ್ಟೋಬರ್ 10ನ್ನು ಅವರ ಸ್ಮರಣೆಗೆ ಮೀಸಲಿಟ್ಟಿದೆ.